ಉಲ್ಸಾನ್ ಹಡಗಿನ ಊರಾದ ಬಗೆ

ದಕ್ಷಿಣ ಕೊರಿಯಾದ ಉಲ್ಸಾನ್ ನಗರಕ್ಕೆ ಉದ್ಯೋಗ ನಿಮಿತ್ತ ಬಂದು ನೆಲೆಸಿದ ಮೇಲೆ ಊರಿನವರು, ಅದರಲ್ಲೂ ಮಲ್ಪೆಯ ಕಡೆಯ ಬಂಧುಗಳು, ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. 1970ರ ತನಕ ಹೇಳಿಕೊಳ್ಳುವಂಥ ದೊಡ್ಡ ಹಡಗನ್ನೇ ಕಟ್ಟದಿದ್ದ ಈ ದೇಶ ಜಗತ್ತಿನ ಹಡಗು ನಿರ್ಮಾಣದ ಮುಂಚೂಣಿಗೆ ಬಂದದ್ದಾದರೂ ಹೇಗೆ?

ಇಲ್ಲಿನ ಶಾಲಾಮಕ್ಕಳಿಗೂ ಗೊತ್ತಿರುವ ಉತ್ತರವೊಂದಿದೆ. ಹ್ಯುಂಡೈ ಸ್ಥಾಪಕ ಚುಂಗ್ ಜು-ಯುಂಗ್ 1971ರಲ್ಲಿ ಶಿಪ್‌ಯಾರ್ಡ್ ಕಟ್ಟಲು ಸಾಲದ ಏರ್ಪಾಡಿಗೆಂದು ಬ್ರಿಟನ್ನಿಗೆ ಹೋದಾಗ, ಜೇಬಿನಿಂದ 500 ವಾನ್ ನೋಟು ತೆಗೆದು, ಅದರಲ್ಲಿದ್ದ 16ನೇ ಶತಮಾನದ ಕೊರಿಯಾದ ಯುದ್ಧನೌಕೆಯಾದ ‘ಆಮೆ ಹಡಗಿನ’ ಚಿತ್ರವನ್ನು ತೋರಿಸಿ, ಹಡಗು ಕಟ್ಟುವುದು ನಮಗೆ ಹೊಸದಲ್ಲ ಎಂದರಂತೆ. ಮುಂದೆ ಗ್ರೀಕ್ ಹಡಗು ಮಾಲೀಕ ಲಿವಾನೋಸ್ ಅವರಿಂದ ತಲಾ ಸುಮಾರು 2.6 ಲಕ್ಷ ಟನ್ ಸಾಮರ್ಥ್ಯದ ಎರಡು ತೈಲ ಹಡಗುಗಳಿಗೆ ಬೇಡಿಕೆ ದೊರೆಯಿತು. 1972ರ ಮಾರ್ಚ್‌ನಲ್ಲಿ ಉಲ್ಸಾನ್‌ನ ಮಿಪೋ ಕೊಲ್ಲಿಯ ದಡದಲ್ಲಿ ಕಾಮಗಾರಿ ಆರಂಭವಾಗಿ, ಡ್ರೈ ಡಾಕನ್ನು, ಅಂದರೆ ಹಡಗು ಕಟ್ಟುವ ಒಣ ಹೊಂಡವನ್ನು, ಅಗೆಯುವ ಕೆಲಸವೂ ಹಡಗಿನ ನಿರ್ಮಾಣವೂ ಜೊತೆಜೊತೆಗೇ ನಡೆದು, 1974ರ ಜೂನ್‌ನಲ್ಲಿ ಶಿಪ್‌ಯಾರ್ಡ್ ಉದ್ಘಾಟನೆಗೊಂಡಿತು.

ಈ ಕಥೆಯನ್ನು ನಾನೂ ಗೌರವದಿಂದಲೇ ಕೇಳುತ್ತೇನೆ. ಆದರೆ ಅದರಾಚೆಗಿನ ಸಂಗತಿಗಳೇ ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಮೊದಲ ಹಡಗಿನ ನಕ್ಷೆಗಳು ಸ್ಕಾಟ್ಲೆಂಡಿನ ಸ್ಕಾಟ್ ಲಿತ್ಗೋ ಕಂಪನಿಯವು. ಅಲ್ಲಿ ಜಾಗದ ಅಭಾವದಿಂದಾಗಿ ಹಡಗನ್ನು ಎರಡು ಹೋಳುಗಳಾಗಿ ಕಟ್ಟಿ ಜೋಡಿಸುತ್ತಿದ್ದರು. ಉಲ್ಸಾನ್‌ನವರೂ ಅದನ್ನೇ ಅನುಸರಿಸಿದರು, ಆದರೆ ಎರಡು ಹೋಳುಗಳು ಒಂದಕ್ಕೊಂದು ಸರಿಯಾಗಿ ಕೂಡಲಿಲ್ಲ. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು, ತೈಲ ಹಡಗುಗಳನ್ನು ಕೊಳ್ಳುವವರು ಹಿಂದೆ ಸರಿದರು. ಕೈಯಲ್ಲೇ ಉಳಿದ ಹಡಗುಗಳಿಂದ 1976ರಲ್ಲಿ ಹೊಸದೊಂದು ಸಾಗಣೆ ಕಂಪನಿಯೇ ಹುಟ್ಟಿತು. ದೇಶಕ್ಕೆ ಬರುವ ಕಚ್ಚಾತೈಲವನ್ನು ಸ್ವದೇಶಿ ಹಡಗುಗಳಲ್ಲೇ ತರಬೇಕೆಂದು ಸರ್ಕಾರ ಪಟ್ಟುಹಿಡಿದದ್ದರಿಂದ ಆ ಕಂಪನಿಗೆ ಕೆಲಸ ಸಿಕ್ಕಿತು. ಕಷ್ಟಕಾಲದಲ್ಲಿ ಕೈಬಿಡದ ಆ ಆಸರೆ ಇಲ್ಲದಿದ್ದರೆ, ನೋಟು ತೋರಿಸಿದ ಧೈರ್ಯ ಎಷ್ಟು ದಿನ ಬಾಳುತ್ತಿತ್ತೋ ಹೇಳಲಾಗದು.

ಇನ್ನೊಂದು ಆಸರೆ ಸುತ್ತಲಿನ ಊರುಗಳದು. ಉತ್ತರದ ಪೊಹಾಂಗ್‌ನಲ್ಲಿ 1973ರಲ್ಲಿ ಉಕ್ಕಿನ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಗೋಜೆ ದ್ವೀಪದಲ್ಲಿ ಅದೇ ದಶಕದಲ್ಲಿ ಮತ್ತೆರಡು ದೊಡ್ಡ ಯಾರ್ಡುಗಳು ತಲೆಯೆತ್ತಿದವು. ಯುರೋಪಿನ ಕಂಪನಿಗಳ ಪರವಾನಗಿ ಪಡೆದು ಎಂಜಿನ್ ತಯಾರಿಸಲು ಕಲಿತವರು ಮುಂದೆ ತಮ್ಮದೇ ಎಂಜಿನ್ ರೂಪಿಸಿದರು. ಪಂಪು, ವಾಲ್ವು, ಪೈಪು ತಯಾರಿಸುವ ಸಣ್ಣ ಘಟಕಗಳು ಬುಸಾನ್, ಚಾಂಗ್ವಾನ್ ಕಡೆಯೆಲ್ಲ ಬೆಳೆದವು. ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಹಡಗು ಕಟ್ಟುವ ಕೆಲಸ ನಿಂತುಹೋಗಿ, ಅಲ್ಲಿನ ಬೃಹತ್ ಕ್ರೇನ್ 2002ರಲ್ಲಿ ಒಂದೇ ಡಾಲರಿಗೆ ಮಾರಾಟವಾಗಿ ಇಲ್ಲಿಗೆ ಬಂತು. ಅದು ಈಗಲೂ ಇಲ್ಲಿ ದುಡಿಯುತ್ತಿದೆ.

ಕೆಲಸದ ಮೇಲೆ ಯಾರ್ಡಿನೊಳಗೆ ಹೋದಾಗ ನಾನು ತಪ್ಪದೆ ನಿಂತು ನೋಡುವುದು ಪ್ಲೇಟು ಬಾಗಿಸುವವರನ್ನು. ಹಡಗಿನ ಮೂತಿಯ ದಪ್ಪ ಉಕ್ಕಿನ ಪ್ಲೇಟಿಗೆ ಎರಡು ದಿಕ್ಕಿನಲ್ಲೂ ಬಾಗು ಬೇಕು, ಪ್ರೆಸ್ ಯಂತ್ರವೊಂದರಿಂದಲೇ ಅದು ಬರುವುದಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಗ್ಯಾಸ್ ಜ್ವಾಲೆಯನ್ನು ನಿಧಾನವಾಗಿ ಸಾಗಿಸುತ್ತ, ಬೆನ್ನಿಗೇ ನೀರು ಬಿಡುತ್ತಾರೆ. ಕಾದು ತಣಿದ ಉಕ್ಕು ಕುಗ್ಗಿ ಪ್ಲೇಟು ಕೂದಲೆಳೆಯಷ್ಟು ಬಾಗುತ್ತದೆ. ಮರದ ಅಚ್ಚನ್ನು ಅದರ ಮೇಲಿಟ್ಟು, ಸಂದಿಯನ್ನು ಕಣ್ಣಳತೆಯಲ್ಲೇ ನೋಡಿ, ಮುಂದಿನ ಗೆರೆ ಎಲ್ಲಿ ಬರಬೇಕೆಂದು ಹಿರಿಯ ಕೆಲಸಗಾರರು ನಿರ್ಧರಿಸುತ್ತಾರೆ. ಈ ಕೈ ಪಳಗಲು ವರ್ಷಗಳೇ ಬೇಕು.

ಅಂಥ ಕೈಗಳನ್ನೇ ಈ ಉದ್ಯಮ ಕಳೆದುಕೊಳ್ಳುತ್ತಿದೆ ಎಂಬುದು ನನ್ನನ್ನು ಕಾಡುವ ವಿಷಯ. 2015ರ ನಂತರದ ಹಿಂಜರಿತದಲ್ಲಿ ಸಾವಿರಾರು ಮಂದಿ ಕೆಲಸ ಬಿಟ್ಟರು, ಗುತ್ತಿಗೆ ಕಾರ್ಮಿಕರ ಕೂಲಿಯೂ ಇಳಿಯಿತು. 2022ರಲ್ಲಿ ಗೋಜೆಯ ಗುತ್ತಿಗೆ ಕಾರ್ಮಿಕರು 51 ದಿನ ಮುಷ್ಕರ ಹೂಡಿದಾಗ, ಒಬ್ಬ ಬೆಸುಗೆಗಾರ ಇಕ್ಕಟ್ಟಾದ ಕಬ್ಬಿಣದ ಪಂಜರದೊಳಗೆ ಕುಳಿತು ತನ್ನನ್ನು ತಾನೇ ಬಂಧಿಸಿಕೊಂಡಿದ್ದರು. ಮೈನಸ್ 163 ಡಿಗ್ರಿಯಲ್ಲಿ ದ್ರವರೂಪದ ಅನಿಲ ಸಾಗಿಸುವ ಹಡಗುಗಳಿಗೆ ಈಗ ಬೇಡಿಕೆ ಸಾಕಷ್ಟಿದೆ, ಆದರೆ ಬಿಟ್ಟುಹೋದವರಲ್ಲಿ ಅನೇಕರು ಮರಳಲಿಲ್ಲ. ಅವರ ಜಾಗಕ್ಕೆ ವಿಯೆಟ್ನಾಂ, ನೇಪಾಳ, ಶ್ರೀಲಂಕಾದ ಯುವಕರು ಬಂದಿದ್ದಾರೆ.

2025ರಲ್ಲಿ ಭಾರತ ಸರ್ಕಾರ ಹಡಗು ನಿರ್ಮಾಣಕ್ಕೆ 69,725 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಅದೇ ವರ್ಷ ಕೊಚ್ಚಿನ್ ಶಿಪ್‌ಯಾರ್ಡ್ ಹ್ಯುಂಡೈ ಜೊತೆ ಒಪ್ಪಂದ ಮಾಡಿಕೊಂಡಿತು. ಮಲ್ಪೆಯಲ್ಲಿರುವ ಕೊಚ್ಚಿನ್ ಶಿಪ್‌ಯಾರ್ಡಿನ ಅಂಗಸಂಸ್ಥೆ, ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿಗಳನ್ನು ಕಟ್ಟುವುದರ ಜೊತೆಗೆ ನಾರ್ವೆಯ ಕಂಪನಿಯ ಸರಕು ಹಡಗುಗಳಿಗೂ ಬೇಡಿಕೆ ಪಡೆದಿದೆ. ಈ ಸುದ್ದಿ ಓದಿ ನನಗಾದ ಸಂತೋಷ ಸಣ್ಣದಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ ಚಿತ್ರಗಳಿಗಿಂತ ನಾನು ಕಾಯುವುದು ಬೇರೆ ಸುದ್ದಿಗಳಿಗೆ: ಮಂಗಳೂರಿನ ಸುತ್ತ ವಾಲ್ವು, ಪಂಪು ತಯಾರಿಸುವ ಘಟಕಗಳು ಬಂದವೇ, ಕರಾವಳಿಯ ಐಟಿಐಗಳಲ್ಲಿ ಹಡಗಿನ ಬೆಸುಗೆ ಕಲಿತವರಿಗೆ ಕಾಯಂ ಕೆಲಸ ಸಿಕ್ಕಿತೇ, ಮುಂದಿನ ಹಿಂಜರಿತದಲ್ಲಿ ಅವರ ಸಂಬಳ ಯಾರ ಹೊಣೆ ಎಂಬುದು ಈಗಲೇ ತೀರ್ಮಾನವಾಯಿತೇ?