ಅದು ಯಂತ್ರ ತಾನೇ, ಅದಕ್ಯಾಕೆ ಇಷ್ಟು ಸಂಕಟ?

ಬಾಹ್ಯಾಕಾಶದಲ್ಲಿ ದೂರ ದೂರ ಸಾಗುತ್ತಿರುವ ನಾಸಾದ ವಾಯೇಜರ್ ನೌಕೆಗಳ ಮಾತು ಎತ್ತಿದರೆ ಸಾಕು, ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: "ಅದು ಯಂತ್ರ ತಾನೇ? ಹಳೆಯದಾಯ್ತು, ಕೆಡುತ್ತೆ. ಅದಕ್ಯಾಕೆ ಇಷ್ಟು ಸಂಕಟ?" ಮೊದಲೆಲ್ಲ ಸುಮ್ನೆ ಇದ್ದುಬಿಡುತ್ತಿದ್ದೆ. ಈಗ ಉತ್ತರ ಹೇಳಬೇಕು ಅನ್ನಿಸಿದೆ.

ನಮ್ಮಲ್ಲಿ ಜೋಪಾನ ಅನ್ನುವ ಮಾತಿದೆ. ನನ್ನ ಉತ್ತರ ಅದರಲ್ಲೇ ಇದೆ.

1977ರಲ್ಲಿ ಹಾರಿದ ಎರಡೂ ವಾಯೇಜರ್‌ಗಳು ಪ್ಲುಟೋನಿಯಂನ ಬಿಸಿಯಿಂದ ವಿದ್ಯುತ್ ಪಡೆಯುತ್ತವೆ. ಆ ವಿದ್ಯುತ್ ವರ್ಷಕ್ಕೆ ಸುಮಾರು 4 ವ್ಯಾಟ್ ಕಡಿಮೆಯಾಗುತ್ತಾ ಬಂದಿದೆ. ಎಣ್ಣೆ ತೀರುತ್ತಾ ಬಂದಾಗ ಬೆಳಗಿನವರೆಗೆ ಬರಲಿ ಅಂತ ಲಾಟೀನಿನ ಬತ್ತಿ ಇಳಿಸುತ್ತಿದ್ದರಲ್ಲ, ಅಲ್ಲೂ ಅದೇ ಕೆಲಸ. ಒಂದೊಂದೇ ಹೀಟರ್ ಆರಿಸುತ್ತಾರೆ, ಒಂದೊಂದೇ ಉಪಕರಣ ನಿಲ್ಲಿಸುತ್ತಾರೆ. 2019ರಲ್ಲಿ ವಾಯೇಜರ್ 2ರ ಕಾಸ್ಮಿಕ್ ಕಿರಣ ಅಳೆಯುವ ಉಪಕರಣದ ಹೀಟರ್ ಆರಿಸಿದರು. ಮೈನಸ್ 59 ಡಿಗ್ರಿಗೆ ಇಳಿದರೂ ಅದು ಅಳೆಯುತ್ತಲೇ ಇತ್ತು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

2023ರ ನವೆಂಬರ್‌ನಲ್ಲಿ ವಾಯೇಜರ್ 1 ಇದ್ದಕ್ಕಿದ್ದಂತೆ ಅರ್ಥವಿಲ್ಲದ ಅಂಕಿಗಳನ್ನು ಕಳಿಸತೊಡಗಿತು. ನೌಕೆ ಬದುಕಿದೆ, ಆದರೆ ಮಾತು ತೊದಲುತ್ತಿದೆ. ಈ ನೌಕೆಗಳನ್ನು ನಡೆಸುವ, ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರ ಜೆಪಿಎಲ್‌ನವರು ತಿಂಗಳುಗಟ್ಟಲೆ ಹುಡುಕಿದರು. ಒಂದು ಕಂಪ್ಯೂಟರಿನ ಮೆಮೊರಿಯಲ್ಲಿ ಒಂದೇ ಒಂದು ಚಿಪ್ ಕೆಟ್ಟಿತ್ತು. ಅಲ್ಲಿದ್ದ ಕೋಡನ್ನು ಬೇರೆಡೆ ಇಡೋಣ ಅಂದರೆ ಪೂರ್ತಿ ಹಿಡಿಸುವ ಜಾಗ ಎಲ್ಲೂ ಇಲ್ಲ. ಅದಕ್ಕೆ ಅದನ್ನು ತುಂಡು ಮಾಡಿದರು. ಖಾಲಿ ಇದ್ದ ಮೂಲೆ ಮೂಲೆಗಳಲ್ಲಿ ಇಟ್ಟು, ತುಂಡುಗಳು ಒಂದನ್ನೊಂದು ಹುಡುಕಿಕೊಳ್ಳುವ ಹಾಗೆ ತಿದ್ದಿದರು. 2024ರ ಏಪ್ರಿಲ್ 18ರಂದು ಮೊದಲ ತಿದ್ದುಪಡಿ ಕಳಿಸಿದರು. ಹೋಗಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು. 20ನೇ ತಾರೀಖು ನೌಕೆ ತನ್ನ ಆರೋಗ್ಯದ ಸುದ್ದಿಯನ್ನು ಸರಿಯಾಗಿ ಹೇಳಿತು. ಐದು ತಿಂಗಳ ನಂತರ!

ಈ ಯೋಜನೆಯ ಮುಖ್ಯ ವಿಜ್ಞಾನಿಯಾಗಿ 1972ರಿಂದ 2022ರವರೆಗೆ ದುಡಿದವರು ಎಡ್ ಸ್ಟೋನ್. ಐವತ್ತು ವರ್ಷ. ಅವರು ತೀರಿಕೊಂಡದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲಿ ನೌಕೆ ಮತ್ತೆ ಮಾತಾಡಿತ್ತು ಅನ್ನುವುದು ನನಗೆ ಎಷ್ಟೋ ಸಮಾಧಾನ ಕೊಡುತ್ತದೆ.

ಮುಪ್ಪು ಬಂದರೆ ಕೆಲಸ ಮುಗಿಯಿತು ಅಂತಲೂ ಅಲ್ಲ. ನಾಸಾ ಬಾಹ್ಯಾಕಾಶಕ್ಕೆ ಕಳಿಸಿದ್ದ ಸ್ಪಿಟ್ಜರ್ ದೂರದರ್ಶಕವನ್ನು ತಣ್ಣಗಿಡುತ್ತಿದ್ದ ಹೀಲಿಯಂ 2009ರಲ್ಲೇ ಖಾಲಿಯಾಯಿತು. ಆಮೇಲೂ ಅದು 2020ರವರೆಗೆ ದುಡಿಯಿತು. ಟ್ರ್ಯಾಪಿಸ್ಟ್-1 ನಕ್ಷತ್ರದ ಸುತ್ತ ಏಳು ಗ್ರಹಗಳಿವೆ ಅಂತ ತೋರಿಸಿಕೊಟ್ಟದ್ದರಲ್ಲಿ ದೊಡ್ಡ ಪಾಲು ಈ ಬೆಚ್ಚಗಾದ ಮುದಿ ದೂರದರ್ಶಕದ್ದೇ.

ನಮ್ಮ ಮಂಗಳಯಾನವನ್ನೇ ನೋಡಿ. ಆರು ತಿಂಗಳಿಗೆ ಅಂತ ಕಳಿಸಿದ್ದು, ಮಂಗಳವನ್ನು ಏಳು ವರ್ಷಕ್ಕೂ ಜಾಸ್ತಿ ಸುತ್ತಿತು. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಡಿಶ್ ಅದರ ದನಿ ಕೇಳುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಬಿಸಿಲು ಮರೆಯಾದ ಒಂದು ದೀರ್ಘ ಗ್ರಹಣದ ನಂತರ ದನಿ ನಿಂತಿತು. ಇನ್ನು ಅದು ಮರಳಿ ಸಿಗುವುದಿಲ್ಲ ಎಂದು ಇಸ್ರೋ ಅಕ್ಟೋಬರ್‌ನಲ್ಲಿ ಹೇಳಿತು. ನಮ್ಮ ಮನೆಯಿಂದ ಹೊರಟವರೊಬ್ಬರು ದೂರದ ಊರಲ್ಲಿ ತೀರಿಕೊಂಡ ಹಾಗೆ ಅನ್ನಿಸಿತು ನನಗೆ. ಈಗಲೂ ಕೆಂಪಗೆ ಮಂಗಳ ಕಂಡರೆ ಒಂದು ಕ್ಷಣ ನಿಲ್ಲುತ್ತೇನೆ.

ಯಾರೂ ಹೋಗಿ ಮುಟ್ಟಲಾರದ ದೂರದಲ್ಲಿರುವ ವಸ್ತುವನ್ನು ಇಲ್ಲಿಂದಲೇ ಇಷ್ಟು ಜೋಪಾನವಾಗಿ ಸಾಕುವ ಜನರಿದ್ದಾರೆ, ಅಲ್ವಾ? ಕೊನೆಯ ಬತ್ತಿ ಆರಿದ ದಿನ ಅವರ ಕೈಗೆ ಮಾಡಲು ಏನೂ ಇರುವುದಿಲ್ಲ. ನನ್ನ ಸಂಕಟ ಅದಕ್ಕೆ.

ವಾಯೇಜರ್‌ಗಳ ಜೊತೆ ಕಳಿಸಿದ, ದನಿ ಮುದ್ರಿಸಿದ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವಿದೆ. ಅದರಲ್ಲಿ ಕನ್ನಡಿಗರ ಪರವಾಗಿ ಹೇಳಿದ ನಮಸ್ತೆಯೂ ಇದೆ. ವಿದ್ಯುತ್ ಮುಗಿದ ಮೇಲೂ ಅದು ಹೋಗುತ್ತಲೇ ಇರುತ್ತದೆ. ಆದರೆ ನನಗೆ ಅದಕ್ಕಿಂತ ಇಷ್ಟ ಬೇರೆ ಒಂದಿದೆ. ಯಾವ ಡಿಶ್ ಈಗ ಯಾವ ನೌಕೆಯ ಜೊತೆ ಮಾತಾಡುತ್ತಿದೆ ಅಂತ ನಾಸಾ ಇಂಟರ್ನೆಟ್‌ನಲ್ಲಿ ತೋರಿಸುತ್ತದೆ. ರಾತ್ರಿ ಮಲಗುವ ಮುಂಚೆ ತೆಗೆದು ನೋಡುತ್ತೇನೆ. ಕ್ಯಾನ್‌ಬೆರಾದ ಡಿಶ್ ಪಕ್ಕ ವಾಯೇಜರ್ 2ರ ಹೆಸರು ಕಂಡರೆ, ಇವತ್ತೂ ಇದೆ ಅಂದುಕೊಂಡು ಫೋನ್ ಕೆಳಗಿಡುತ್ತೇನೆ.