ಪಾಠ ಆಗಿದೆ, ಓದು ಬಂದಿಲ್ಲ

ಕಳೆದ ಬುಧವಾರ ಅಕ್ಕನ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಕನ್ನಡ ಪುಸ್ತಕದ ಒಂದು ಪಾಠವನ್ನು ನನ್ನೆದುರು ಎಲ್ಲಿಯೂ ತಡವರಿಸದೆ ಓದಿದಳು. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ದನಿ ಸ್ಪಷ್ಟವಾಗಿತ್ತು. ನೋಟ್‌ಬುಕ್ ಹಂಚಲು ನನ್ನನ್ನು ಕರೆದುಕೊಂಡು ಹೋಗಿದ್ದ ಭಾವ ಹೆಮ್ಮೆಯಿಂದ ನನ್ನ ಮುಖ ನೋಡಿದರು. ಅವರು ಆ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು. ಅಷ್ಟರಲ್ಲಿ ಗಾಳಿಗೆ ಪುಟವೊಂದು ಮಗುಚಿಕೊಂಡಿತು. ಬೆರಳು ಹೊಸ ಪುಟದ ಮೇಲೆ ಅದೇ ಲಯದಲ್ಲಿ ಸಾಗಿತು, ಬಾಯಿಂದ ಬರುತ್ತಿದ್ದುದು ಮಾತ್ರ ಹಿಂದಿನ ಪುಟದ ಸಾಲುಗಳು.

ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಪ್ರಶ್ನಿಸುವುದು ಸರಿಯಲ್ಲವೆನಿಸಿ, ಊಟದ ಹೊತ್ತಿನವರೆಗೆ ಕಾದೆ. ಜಗುಲಿಯ ಗೋಡೆಯ ಮೇಲೆ ಅಕ್ಷರ ದಾಸೋಹದ ವಾರದ ಊಟದ ಪಟ್ಟಿಯನ್ನು ನೀಲಿ ಬಣ್ಣದಲ್ಲಿ ಬರೆಸಿದ್ದಾರೆ. ಅದರ ಕೆಳಗೇ ಕುಳಿತು ಆ ಮಕ್ಕಳು ದಿನವೂ ಊಟ ಮಾಡುತ್ತಾರೆ. ‘ನಾಳೆ ಏನು ಊಟ ಅಂತ ಓದಿ ಹೇಳ್ತೀಯಾ ಪುಟ್ಟಿ?’ ಎಂದು ಕೇಳಿದೆ. ಅವಳು ಗೋಡೆಯನ್ನೂ ನನ್ನನ್ನೂ ನೋಡಿ, ಯಾವ ಅಂಜಿಕೆಯೂ ಇಲ್ಲದೆ ಹೇಳಿದಳು: ‘ಅದು ನಮಗಿನ್ನೂ ಆಗಿಲ್ಲ ಸಾರ್.’

ಮೂರು ದಿನಗಳಿಂದ ಈ ಮಾತು ನನ್ನ ಕಿವಿಯಲ್ಲೇ ಇದೆ. ಆಗಿರುವ ಪಾಠವನ್ನು ಒಪ್ಪಿಸಬಹುದು, ಆಗದಿರುವುದನ್ನು ಕೇಳಬಾರದು ಎಂಬುದು ಅವಳ ಲೆಕ್ಕ. ಓದು ಎಂದರೆ ಹಿಂದೆಂದೂ ಕಾಣದ ಸಾಲನ್ನೂ ಬಿಡಿಸಿಕೊಳ್ಳುವ ಶಕ್ತಿ ಎಂಬುದು ಐದು ವರ್ಷ ಶಾಲೆಗೆ ಬಂದ ಮೇಲೂ ಆ ಮಗುವಿಗೆ ತಿಳಿದಿಲ್ಲ. ‘ಅದು ನಮಗಿನ್ನೂ ಆಗಿಲ್ಲ’ ಎಂದು ಅವಳು ಹೇಳಿದ ರೀತಿಯಲ್ಲಿ ತಪ್ಪು ತನ್ನದೆಂಬ ಭಾವವಿರಲಿಲ್ಲ, ಇರಬೇಕಾಗಿಯೂ ಇಲ್ಲ. ಬಳಿಕ ಪಟ್ಟಿಯ ‘ತರಕಾರಿ’ ಎಂಬ ಪದವನ್ನು ತೋರಿಸಿದಾಗ ‘ತ’, ‘ರ’ ಎಂದು ಬಿಡಿಬಿಡಿಯಾಗಿ ಹೇಳಿ ‘ಕಾ’ ಬಂದಲ್ಲಿ ನಿಂತಳು. ಮೂಲಾಕ್ಷರ ಗೊತ್ತಿದೆ, ಗುಣಿತಾಕ್ಷರ ಅರ್ಧಂಬರ್ಧ ಗೊತ್ತಿದೆ, ಒತ್ತಕ್ಷರದ ಹತ್ತಿರಕ್ಕೂ ಅವಳು ಬಂದಿಲ್ಲ.

ಆ ತರಗತಿಯ ಶಿಕ್ಷಕಿಯನ್ನು ದೂರುವುದು ಸುಲಭ, ಭಾವ ದೂರಿದರು ಕೂಡ. ನಾನು ಕಂಡಂತೆ ಆಕೆ ಸೋಮಾರಿಯಲ್ಲ. ನಾಲ್ಕು ಮತ್ತು ಐದನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ನಡುನಡುವೆ ಮೊಬೈಲಿನಲ್ಲಿ ಕೇಳಿದ ಮಾಹಿತಿಯನ್ನು ಕಳುಹಿಸುತ್ತಾ, ಅಡುಗೆಯವರಿಗೆ ಮಕ್ಕಳ ಸಂಖ್ಯೆ ಹೇಳಿ ಕಳುಹಿಸುತ್ತಾ ಇದ್ದರು. ಹುಡುಗಿಯ ವಿಷಯ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಮೌಲ್ಯಮಾಪನದ ವಹಿಯನ್ನು ತೆರೆದು ತೋರಿಸಿದರು. ಕನ್ನಡದಲ್ಲಿ ಆಕೆಗೆ ‘ಬಿ ಪ್ಲಸ್’ ಇದೆ. ಪದ್ಯ ಕಂಠಪಾಠ ಹೇಳುತ್ತಾಳೆ, ಬೋರ್ಡಿನ ಮೇಲಿನ ಪ್ರಶ್ನೋತ್ತರಗಳನ್ನು ಮುದ್ದಾಗಿ ನಕಲು ಮಾಡುತ್ತಾಳೆ, ಚಟುವಟಿಕೆಯಲ್ಲಿ ಭಾಗವಹಿಸುತ್ತಾಳೆ. ‘ಪಾಠ ಮುಗಿದಿದೆಯಾ, ಎಂಟ್ರಿ ಆಗಿದೆಯಾ ಅಂತ ಎಲ್ಲರೂ ಕೇಳ್ತಾರೆ ಸಾರ್. ಈ ಮಗು ಓದುತ್ತಾ ಅಂತ ಕೇಳಿದವರು ನೀವೇ’ ಎಂದರು. ಅದು ಹೊಗಳಿಕೆಯಾಗಿರಲಿಲ್ಲ, ಬೇಸತ್ತ ಮನುಷ್ಯರ ಮಾತಾಗಿತ್ತು.

ಈ ಹುಡುಗಿ ಎಲ್ಲಿ ತಪ್ಪಿಹೋದಳು ಎಂದು ಯೋಚಿಸಿದರೆ, ಮೂರನೇ ತರಗತಿಯಿಂದ ನಾಲ್ಕಕ್ಕೆ ದಾಟುವ ಹೊಸಿಲಿನಲ್ಲಿ ಎಂದೇ ನನಗೆ ತೋರುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರರವರೆಗೆ ನಲಿ-ಕಲಿ ಪದ್ಧತಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಕೈಯಾರೆ ಕಾರ್ಡುಗಳನ್ನು ಮಾಡಿ ಕಟ್ಟಿದ ಪದ್ಧತಿ ಅದು. ಮುಂದೆ 2009-10ರಿಂದ ರಾಜ್ಯಕ್ಕೆಲ್ಲ ಹಬ್ಬಿತು. ಅದರ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು, ಒಂದು ಮೆಟ್ಟಿಲು ಗಟ್ಟಿಯಾಗದೆ ಇನ್ನೊಂದಕ್ಕೆ ಹೋಗಬಾರದು. ಕರ್ನಾಟಕದ ಶಿಕ್ಷಕರು ನಾಡಿಗೆ ಕೊಟ್ಟ ಅತ್ಯುತ್ತಮ ವಿಚಾರಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ಆದರೆ ಮೂರನೇ ತರಗತಿಯ ಮಾರ್ಚ್ ತಿಂಗಳು ಮುಗಿದೊಡನೆ ಆ ಏಣಿ ಮಾಯವಾಗುತ್ತದೆ. ಮಗು ಯಾವ ಮೆಟ್ಟಿಲಲ್ಲಿದ್ದರೂ ಜೂನ್‌ನಲ್ಲಿ ನಾಲ್ಕನೇ ತರಗತಿಯಲ್ಲಿ ಕುಳಿತು, ಓದಲು ಬಂದವರಿಗೆಂದು ಬರೆದ ದಪ್ಪ ಪುಸ್ತಕಗಳನ್ನು ಕೈಗೆತ್ತಿಕೊಳ್ಳಬೇಕು. ಅಲ್ಲಿಂದ ಮುಂದೆ ಗುಣಿತಾಕ್ಷರ ಕಲಿಸುವುದು ಯಾರ ಕೆಲಸವೂ ಅಲ್ಲ. ನಾಲ್ಕರ ಶಿಕ್ಷಕರು ಅದು ಮೂರರಲ್ಲಿ ಆಗಿರಬೇಕಿತ್ತು ಎನ್ನುತ್ತಾರೆ, ಪ್ರೌಢಶಾಲೆಯವರು ಪ್ರಾಥಮಿಕ ಶಾಲೆಯತ್ತ ಕೈತೋರಿಸುತ್ತಾರೆ, ಮಗು ಮಾತ್ರ ಉಸಿರು ಬಿಗಿಹಿಡಿದು ಬಾಯಿಪಾಠ ಮಾಡುತ್ತಾ ಮೇಲೆ ಮೇಲೆ ಹೋಗುತ್ತದೆ.

ಹಾಗೆ ಹೋದವರು ಕೊನೆಗೆ ತಲುಪುವುದು ಎಸ್‌ಎಸ್‌ಎಲ್‌ಸಿಗೆ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ಕಣ್ಗಾವಲು) ಬಂದ 2024ರಲ್ಲಿ ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು, 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಪ್ರತಿ ವರ್ಷವೂ ಚರ್ಚೆ ನಡೆಯುವುದು ಹತ್ತನೇ ತರಗತಿಯ ಸುತ್ತ: ವಿಶೇಷ ತರಗತಿ, ಸರಣಿ ಪರೀಕ್ಷೆ, ಮುಖ್ಯ ಶಿಕ್ಷಕರಿಗೆ ನೋಟಿಸ್. ಐದು, ಎಂಟು ಮತ್ತು ಒಂಬತ್ತನೇ ತರಗತಿಗಳಿಗೂ ಮಂಡಳಿ ಮಟ್ಟದ ಪರೀಕ್ಷೆ ಬೇಕೇ ಬೇಡವೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗೋಡೆಯ ಮೇಲಿನ ಊಟದ ಪಟ್ಟಿ ಓದಲಾಗದ ಮಗುವಿಗೆ ಮಂಡಳಿಯ ಪ್ರಶ್ನೆಪತ್ರಿಕೆ ಕೊಟ್ಟು ನಾವು ಹೊಸದಾಗಿ ತಿಳಿದುಕೊಳ್ಳುವುದು ಏನೂ ಇಲ್ಲ.

ಭಾವನ ಉತ್ತರ ಬೇರೆಯದೇ. ‘ಇಂಗ್ಲಿಷ್ ಮೀಡಿಯಂ ಸೆಕ್ಷನ್ ಒಂದು ತಂದುಬಿಟ್ಟರೆ ಎಲ್ಲಾ ಸರಿಹೋಗುತ್ತೆ ನೋಡು’ ಎಂದರು. ಅವರ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪಕ್ಕದ ಪೇಟೆಯ ಖಾಸಗಿ ಶಾಲೆಯ ಹಳದಿ ವ್ಯಾನು ದಿನವೂ ಊರಿನ ಅರ್ಧ ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೋಡುವವರು ಅವರು. ಆದರೆ ಮನೆಯಲ್ಲಿ ಆಡುವ ಭಾಷೆಯಲ್ಲೇ ಅಕ್ಷರ ಕೂಡಿಸಲಾಗದ ಮಗು, ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಇನ್ನಷ್ಟು ಬಾಯಿಪಾಠ ಮಾಡುತ್ತದೆ, ಅಷ್ಟೇ.

ಮಾಡಬೇಕಾದುದು ಇದಕ್ಕಿಂತ ಚಿಕ್ಕದು, ಗೊತ್ತಿರುವುದೇ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ದಿನಕ್ಕೊಂದು ಗಂಟೆ ತರಗತಿಯ ಲೆಕ್ಕದಲ್ಲಿ ಕೂರಿಸದೆ ಓದಿನ ಮಟ್ಟದ ಲೆಕ್ಕದಲ್ಲಿ ಕೂರಿಸಬೇಕು: ಅಕ್ಷರದಲ್ಲಿರುವವರು ಒಂದು ಕಡೆ, ಪದದಲ್ಲಿರುವವರು ಇನ್ನೊಂದು ಕಡೆ, ಕತೆ ಓದಬಲ್ಲವರು ಮತ್ತೊಂದು ಕಡೆ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆ ಪ್ರಥಮ್ ಈ ಕ್ರಮವನ್ನು ದೇಶದ ಹಲವೆಡೆ ನಡೆಸಿದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅದನ್ನು ವರ್ಷಗಟ್ಟಲೆ ಪರೀಕ್ಷಿಸಿ, ಮಕ್ಕಳ ಓದು ಸುಧಾರಿಸುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ. ನಮ್ಮ ಇಲಾಖೆಯೇ ‘ಓದು ಕರ್ನಾಟಕ’ ಎಂಬ ಹೆಸರಿನಲ್ಲಿ ನಾಲ್ಕು-ಐದನೇ ತರಗತಿಗಳಿಗೆ ಇದನ್ನು ನಡೆಸಿತ್ತು. ಯೋಜನೆಯೆಂದು ಕೆಲವು ದಿನ ಬಂದು ಹೋಗುವ ಬದಲು ಅದು ವೇಳಾಪಟ್ಟಿಯ ಒಂದು ಪೀರಿಯಡ್ ಆಗಿ ಉಳಿಯಬೇಕು.

ಶಿಕ್ಷಕಿಗೆ ಈ ಮಾತು ಹೇಳಿದಾಗ ಅವರು ಒಪ್ಪಿದರು, ಜೊತೆಗೆ ಒಂದು ಷರತ್ತನ್ನೂ ಇಟ್ಟರು: ‘ಆ ಒಂದು ಗಂಟೆ ನನ್ನ ಮೊಬೈಲು ಬೀರುವಿನಲ್ಲಿ ಇರುತ್ತೆ. ಯಾಕೆ ಫೋನ್ ತೆಗೀಲಿಲ್ಲ ಅಂತ ಮೇಲಿನವರು ಕೇಳಿದರೆ ಅಧ್ಯಕ್ಷರು ಉತ್ತರ ಕೊಡಬೇಕು.’ ಷರತ್ತು ನ್ಯಾಯವಾದುದು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯನ್ನು ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರು ಶಿಕ್ಷಕರೇ. ಅದು ಮುಗಿಯದೆ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ನಾಡಿನ ಯಾವ ತುರ್ತು ಕೆಲಸಕ್ಕೂ ಮೊದಲು ಕೈಗೆ ಸಿಗುವುದು ಮಕ್ಕಳ ಸಮಯವೇ ಆಗಬಾರದು ಎನ್ನುತ್ತಿದ್ದೇನೆ.

ಅದೇ ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು. ಭಾವನ ಶಾಲೆಯ ಯೋಜನೆಯಲ್ಲಿ ಈಗಿರುವುದು ಕಾಂಪೌಂಡು, ಶೌಚಾಲಯದ ದುರಸ್ತಿ ಮತ್ತು ಒಂದು ಸ್ಮಾರ್ಟ್ ಟಿವಿ. ಮುಂದಿನ ಸಭೆಗೆ ನಾಲ್ಕು-ಐದರ ಪ್ರತಿ ಮಗುವಿನ ಕೈಗೂ ಹೊಸದೊಂದು ಸಾಲು ಕೊಟ್ಟು ಓದಿಸಿ, ಯಾರು ಎಲ್ಲಿದ್ದಾರೆಂಬ ಪಟ್ಟಿಯನ್ನು ಪೋಷಕರ ಮುಂದಿಡಬೇಕೆಂದು ಕೇಳಿಕೊಂಡೆ. ಮೊದಲು ಊರ ಮುಂದೆ ಮರ್ಯಾದೆ ಹೋಗುತ್ತದೆ ಎಂದರು. ಮಕ್ಕಳ ಹೆಸರಿಲ್ಲದೆ ಮಟ್ಟದ ಲೆಕ್ಕವನ್ನಷ್ಟೇ ಓದಿದರೆ ಸಾಕೆಂದು ಮಿಸ್ ಹೇಳಿದ ಮೇಲೆ, ಅಕ್ಕನೂ ಸೇರಿ ಒತ್ತಾಯಿಸಿದ ಮೇಲೆ, ಕಾಂಪೌಂಡಿನ ವಿಷಯಕ್ಕಿಂತ ಮೊದಲು ಅದನ್ನೇ ತೆಗೆದುಕೊಳ್ಳುವುದಾಗಿ ಒಪ್ಪಿದ್ದಾರೆ.