ಮೂರೂ ನಾನೇ ತಂದ್ಬಿಟ್ಟೆ ಸಾರ್

ಮಂಗಳವಾರ ಗೋಣಿಚೀಲದ ಏಜೆಂಟು ಬಂದು ಮೂರು ಕೊಟೇಶನ್ ನನ್ನ ಟೇಬಲ್ ಮೇಲಿಟ್ರು. ಮೂರು ಬೇರೆ ಬೇರೆ ಹೆಸ್ರು, ಮೂರು ಬಣ್ಣದ ಲೆಟರ್‌ಹೆಡ್ಡು, ಆದ್ರೆ ಮೂರರಲ್ಲೂ ಕ್ವಾಲಿಟಿ ಅನ್ನೋದರ ಸ್ಪೆಲ್ಲಿಂಗು ಒಂದೇ ಥರ ತಪ್ಪು, ರೇಟು ಒಂದಕ್ಕಿಂತ ಒಂದು ಎರಡೆರಡು ರೂಪಾಯಿ ಜಾಸ್ತಿ. ಏನಣ್ಣ ಇದು, ಮೂರೂ ನಿಮ್ದೇನಾ ಅಂದೆ. ಒಂಚೂರೂ ಮುಜುಗರ ಇಲ್ಲ ಮನುಷ್ಯಂಗೆ. "ಮೂರು ಬೇಕು ಅಂದ್ರಲ್ಲ ಸಾರ್, ನೀವ್ಯಾಕೆ ಪಾಪ ಎಲ್ಲರಿಗೂ ಫೋನ್ ಮಾಡ್ಕೊಂಡು ಕೂರ್ತೀರ ಅಂತ ಮೂರೂ ನಾನೇ ತಂದ್ಬಿಟ್ಟೆ" ಅಂದು ನೀರು ಕೇಳಿ ಕುಡಿದ್ರು.

ಸಂಜೆವರೆಗೂ ನಗ್ತಾನೇ ಇದ್ದೆ. ರಾತ್ರಿ ಊಟಕ್ಕೆ ಕೂತಾಗ ನಗು ಬರ್ಲಿಲ್ಲ.

ನಾನಿರೋದು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ (ಕಾಫಿಬೀಜದ ಸಿಪ್ಪೆ ತೆಗೆದು ಗ್ರೇಡ್ ಮಾಡೋ ಮಿಲ್ಲು), ಪರ್ಚೇಸ್ ನನ್ನ ತಲೆ ಮೇಲೆ. ಏನೇ ಕೊಳ್ಳೋ ಮೊದ್ಲು ಮೂರು ಕಡೆಯಿಂದ ರೇಟು ತರಿಸ್ಬೇಕು ಅನ್ನೋ ಮೂರು ಕೊಟೇಶನ್ ರೂಲು ತಂದಿದ್ದು ನಮ್ಮ ಚಿಕ್ಕ ಯಜಮಾನ್ರು, ಬೆಂಗಳೂರಲ್ಲಿ ಎಂಬಿಎ ಮಾಡ್ಕೊಂಡು ಬಂದವ್ರು, ಹುಡುಗ ಒಳ್ಳೆಯವನೇ, ಆದ್ರೆ ಒಂದು ಸಲಾನೂ ಗೋಡೌನಲ್ಲಿ ನಿಂತು ಚೀಲ ಎಣಿಸಿದವನಲ್ಲ. ಸರ್ಕಾರಿ ಆಫೀಸ್ನೋರಿಗಾದ್ರೆ ಸರ್ಕಾರಿ ಖರೀದಿಗೆ ಅಂತ 1999ರ ಪಾರದರ್ಶಕತೆ ಕಾಯ್ದೆ ಇದೆ, ಜನರ ದುಡ್ಡು, ಆಡಿಟ್‌ಗೆ ಕಾಗದ ತೋರಿಸ್ಬೇಕು, ಅದು ಸರಿ. ನಾವು ಅಲ್ಲಿಂದ ತಂದಿದ್ದು ಕಾಗದದ ಲೆಕ್ಕ ಮಾತ್ರ. ಅಕೌಂಟ್ಸ್ ಮೇಡಂಗೆ ಮೂರು ಹಾಳೆ ಪಿನ್ ಮಾಡಿದ್ರೆ ಮುಗೀತು, ಮೂರೂ ಒಂದೇ ಪ್ರಿಂಟರ್‌ನದ್ದಾ ಅಂತ ನೋಡೋದು ಅವ್ರ ಕೆಲ್ಸ ಅಲ್ವಂತೆ. ಹೆಣ್ಣಿನ ಕಡೆಯೋರು ಹುಡುಗನ ಗುಣ ಹೇಗೆ ಅಂತ ಹುಡುಗನ ಸೋದರಮಾವನ್ನೇ ಕೇಳಿ ಬಂದಂಗೆ ಇದು.

ಆದ್ರೂ ಆ ಏಜೆಂಟ್ ಮೇಲೆ ನಂಗೆ ಸಿಟ್ಟು ಬರ್ತಿಲ್ಲ. ಸೀಸನ್ ಮಧ್ಯ ಚೀಲ ಖಾಲಿ ಆಗಿ ಮಿಲ್ ನಿಲ್ಲೋ ಹೊತ್ತಲ್ಲಿ ಎಲ್ಲಿಂದಾನೋ ಹೊಂದಿಸಿ ರಾತ್ರೋರಾತ್ರಿ ಇಳಿಸಿಕೊಟ್ಟ ಮನುಷ್ಯ ಅವ್ರು. "ಮೂರು ಬೇಕು ಅಂದ್ರಲ್ಲ". ಹೌದು, ನಾವು ಕೇಳಿದ್ದು ಅಷ್ಟೇ. ಎಂಥ ಚೀಲ, ಎಷ್ಟು ತೂಕ, ಯಾವತ್ತಿಗೆ ಬೇಕು ಅಂತ ಕೇಳಿದ್ವಾ? ಕಂಪನಿ ಎನ್‌ಕ್ವೈರಿಲಿ ಇದ್ದಿದ್ದು ಒಂದೇ ಸಾಲು, ಗೋಣಿಚೀಲ, ಅರುವತ್ತು ಕೇಜಿದು.

ಕಾಫಿಗೆ ಚೀಲ ಅಂದ್ರೆ ಯಾವುದೋ ಒಂದು ಚೀಲ ಅಲ್ಲ ಕಣ್ರೀ. ಸೆಣಬಿನ ನಾರು ಮೆತ್ತಗಾಗ್ಲಿ ಅಂತ ಮಿಲ್ಲಲ್ಲಿ ಎಣ್ಣೆ ಹಾಕ್ತಾರೆ, ಮಾಮೂಲಿ ಚೀಲಕ್ಕೆ ಹಾಕೋದು ಪೆಟ್ರೋಲಿಯಂ ಎಣ್ಣೆ, ಮೂಸಿದ್ರೆ ಸೀಮೆಎಣ್ಣೆ ಥರ ವಾಸನೆ, ಕಾಫಿಬೀಜ ಅಕ್ಕಪಕ್ಕದ ಯಾವ ವಾಸನೆ ಇದ್ರೂ ಎಳ್ಕೊಂಡ್ಬಿಡುತ್ತೆ. ಅದಕ್ಕೇ ಎಕ್ಸ್‌ಪೋರ್ಟ್‌ಗೆ ಫುಡ್ ಗ್ರೇಡ್ ಚೀಲ, ಅದ್ರಲ್ಲಿ ತೌಡಿನೆಣ್ಣೆ ಥರದ ಸಸ್ಯದ ಎಣ್ಣೆ. ಐಜೆಓ (ಅಂತಾರಾಷ್ಟ್ರೀಯ ಸೆಣಬು ಸಂಸ್ಥೆ) 98/01 ಅಂತ ಸ್ಟ್ಯಾಂಡರ್ಡೇ ಇದೆ, ಕೇಜಿಗೆ 1250 ಮಿಲಿಗ್ರಾಮ್‌ಗಿಂತ ಕಮ್ಮಿ ಇರ್ಬೇಕು ಸಾಬೂನಾಗದ ಅಂಶ (ಪೆಟ್ರೋಲಿಯಂ ಎಣ್ಣೆ ಆ ಜಾತಿದು), ಟೆಸ್ಟ್ ರಿಪೋರ್ಟ್ ಬೇಕು. ಮೂರು ಕೊಟೇಶನ್ನಲ್ಲೂ ಇದ್ರ ಸುದ್ದಿನೇ ಇಲ್ಲ.

ಬುಧವಾರ ಕೂತು ಅರ್ಧ ಪುಟ ಬರೆದೆ. ಅಳತೆ, ಒಂದು ಚೀಲದ ತೂಕ, ಯಾವ ಗ್ರೇಡು, ರಿಪೋರ್ಟು, ರೇಟು ಕೋಲ್ಕತ್ತಾ ಮಿಲ್ ಬಾಗಿಲಿಗಾ ಇಲ್ಲ ನಮ್ಮ ಗೋಡೌನ್‌ಗಾ, ಹಮಾಲಿ ಯಾರ್ದು, ದುಡ್ಡು ಎಷ್ಟು ದಿನಕ್ಕೆ, ಜಿಎಸ್‌ಟಿಆರ್-1 (ಅವ್ರ ಮಾರಾಟದ ಜಿಎಸ್‌ಟಿ ಲೆಕ್ಕ) ಟೈಮಿಗೆ ಫೈಲ್ ಮಾಡ್ತೀರಾ (ಅವ್ರು ಮಾಡ್ದೆ ಇದ್ರೆ ನಾವು ಅವ್ರಿಗೆ ಕೊಟ್ಟ ಟ್ಯಾಕ್ಸನ್ನ ನಮ್ಮ ಟ್ಯಾಕ್ಸಲ್ಲಿ ಕಳೆಯೋಕೆ ನೋಡೋ 2ಬಿ ಪಟ್ಟಿಲಿ ಇನ್‌ಪುಟ್ ಕಾಣಲ್ಲ, ಅಷ್ಟು ದುಡ್ಡು ಸಿಕ್ಕಾಕೊಂಡಂಗೆ). ಕೋಲ್ಕತ್ತಾದವ್ರಿಗೂ ಬೆಂಗಳೂರಿನವ್ರಿಗೂ ಕಳಿಸ್ದೆ, ನಮ್ಮ ಏಜೆಂಟ್‌ಗೂ ಕಳಿಸ್ದೆ. ಬಂದ ರೇಟು ನೋಡಿದ್ರೆ ಕೋಲ್ಕತ್ತಾದ್ದು ಸಿಕ್ಕಾಪಟ್ಟೆ ಕಮ್ಮಿ, ಖುಷಿಯಾಯ್ತು, ಲಾರಿ ಬಾಡಿಗೆ ಸೇರಿಸ್ದೆ, ಖುಷಿ ಅರ್ಧಕ್ಕಿಳೀತು. ಫುಡ್ ಗ್ರೇಡಲ್ಲಿ ಆಮೇಲೂ ಅವ್ರೇ ಕಮ್ಮಿ. ಮಾಮೂಲಿ ಚೀಲದಲ್ಲಿ ಏಜೆಂಟ್ ರೇಟೇ ಎಲ್ಲರಿಗಿಂತ ಜಾಸ್ತಿ.

ಯಾಕಣ್ಣ ನಿಮ್ದು ಇಷ್ಟು ಅಂತ ಫೋನ್ ಮಾಡ್ದೆ. ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ, "ಹೋದ ಸೀಸನ್ ಬಿಲ್ಲು ಯಾವಾಗ ಪಾಸ್ ಮಾಡಿದ್ರಿ ಅಂತ ನೋಡಿ ಸಾರ್" ಅಂದ್ರು. ನೋಡಿದೆ. ಜನವರಿಲಿ ಚೀಲ ಬಂದಿತ್ತು, ದುಡ್ಡು ಹೋಗಿದ್ದು ಜೂನಲ್ಲಿ.

ಸಣ್ಣ ಫ್ಯಾಕ್ಟರಿಯವ್ರಿಗೆ 45 ದಿನದೊಳಗೆ ಕೊಡ್ಲೇಬೇಕು ಅಂತ ಎಂಎಸ್‌ಎಂಇ ಕಾನೂನಿದೆ, ಕೊಡದಿದ್ರೆ ಆ ವರ್ಷದ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಆ ಖರ್ಚು ತೋರ್ಸೋಕೂ ತೊಂದ್ರೆ, ಹಾಗಾಗಿ ಅವ್ರಿಗೆ ನಮ್ಮ ಆಫೀಸು ಓಡೋಡಿ ಕೊಡುತ್ತೆ. ಏಜೆಂಟು ಟ್ರೇಡರ್ರು, ಆ ರಕ್ಷಣೆ ಅವ್ರಿಗೆ ಇಲ್ಲ. ಐದು ತಿಂಗಳು ಬಡ್ಡಿಗೆ ತಂದ ದುಡ್ಡಲ್ಲಿ ಅವ್ರು ನಮ್ಮನ್ನ ಸಾಕಿದಾರೆ, ಆ ಬಡ್ಡಿನ ಚೀಲದ ರೇಟಿಗೆ ಸೇರ್ಸಿದಾರೆ, ನಾವು ಹತ್ತು ಕೊಟೇಶನ್ ತರ್ಸಿದ್ರೂ ಅದು ಎಲ್ಲಿ ಇಳಿಯುತ್ತೆ? ಅಷ್ಟೊತ್ತಿಗೆ ಅವ್ರು ಮಂಗಳವಾರ ಅಂದ ಮಾತು ಬೇರೆ ಥರಾನೇ ಕೇಳ್ತು ನಂಗೆ. ನಿಮ್ಗೆ ಬೇಕಾಗಿರೋದು ಕಾಗದ, ತಗೊಳ್ಳಿ, ಅಂದಂಗಿತ್ತು.

ಇದೆಲ್ಲಾ ಚಿಕ್ಕ ಯಜಮಾನ್ರ ಮುಂದೆ ಇಟ್ಟೆ. ಮೊದ್ಲು ಕೇಳಿದ್ದು "ಅವ್ರನ್ನ ಬ್ಲ್ಯಾಕ್‌ಲಿಸ್ಟ್ ಮಾಡ್ಲಾ" ಅಂತ. ಬಿಲ್ಲಿನ ತಾರೀಖು ತೋರಿಸಿದ ಮೇಲೆ ಸುಮ್ನಾದ್ರು, ಅಷ್ಟರ ಮಟ್ಟಿಗೆ ಬುದ್ಧಿವಂತ. ಮೂವತ್ತು ದಿನಕ್ಕೆ ಪೇಮೆಂಟ್ ಅಂತ ಬರ್ಕೊಟ್ರೆ ಎಷ್ಟಕ್ಕೆ ಕೊಡ್ತೀರ ಅಂದಿದ್ದಕ್ಕೆ ಏಜೆಂಟು ಫೋನಲ್ಲೇ ರೇಟು ಇಳಿಸಿದ್ರು, ನಾನು ಚೌಕಾಸಿ ಶುರು ಮಾಡೋ ಮೊದ್ಲೇ. ಮಾಮೂಲಿ ಚೀಲ ಅವ್ರಿಗೆ, ಫುಡ್ ಗ್ರೇಡ್ ಕೋಲ್ಕತ್ತಾಗೆ ಅಂತ ಆಯ್ತು.

ನವೆಂಬರಿಗೆ ಅರೇಬಿಕಾ ಕೊಯ್ಲು ಶುರು, ಅಷ್ಟರೊಳಗೆ ಮಾಲು ಇಳೀಬೇಕು. ಕೋಲ್ಕತ್ತಾದವ್ರು ಅಡ್ವಾನ್ಸ್ ಕೇಳಿದಾರೆ, ಚೆಕ್ಕಿಗೆ ದೊಡ್ಡ ಯಜಮಾನ್ರು ಸೈನ್ ಹಾಕ್ಬೇಕು, ಅವ್ರು ಮದುವೆಗೆ ಅಂತ ಧರ್ಮಸ್ಥಳದ ಕಡೆ ಹೋಗಿದಾರೆ, ಸೋಮವಾರ ಬರ್ತಾರಂತೆ.